ಕರಾವಳಿಯಲ್ಲಿ ಎರಡನೆಯ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ನಾವು ಪುತ್ತೂರಿನವರು. ಮಗ ಹನ್ನೊಂದು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸೊಸೆಯದೂ ಅದೇ ಕ್ಷೇತ್ರ. ಈಗ ಮಂಗಳೂರಿನ ಕಂಪನಿಯೊಂದು ಮಗನನ್ನು ಕರೆದಿದೆ. ಮಂಗಳೂರು, ಉಡುಪಿ, ಮಣಿಪಾಲ ಸೇರಿ ಮುಂದಿನ ದೊಡ್ಡ ಐಟಿ ಕೇಂದ್ರವಾಗುತ್ತದೆ ಎಂದು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ‘ಸಿಲಿಕಾನ್ ಬೀಚ್’ ಎಂಬ ಹೆಸರೂ ಬಂದಿದೆ. ಇದು ನಿಜಕ್ಕೂ ಆಗುವ ಮಾತೇ? ಅದನ್ನು ನಂಬಿ ಅವರು ಊರಿಗೆ ಬಂದು ಮನೆ ಕಟ್ಟಬಹುದೇ?

ಉತ್ತರ: ಮಂಗಳೂರು ಇನ್ನೊಂದು ಬೆಂಗಳೂರು ಆಗುವುದಿಲ್ಲ. ಆಗಲಿ ಎಂದು ನಾನು ಬಯಸುವುದೂ ಇಲ್ಲ. ಆದರೆ ಮಂಗಳೂರಿನಿಂದ ಮಣಿಪಾಲದವರೆಗಿನ ಪಟ್ಟಿ ತನ್ನ ಕಾಲ ಮೇಲೆ ತಾನು ನಿಲ್ಲುವಂಥ ತಂತ್ರಜ್ಞಾನ ಕೇಂದ್ರವಾಗಬಲ್ಲದು ಎಂದು ನಂಬಿದ್ದೇನೆ. ಅದು ಇನ್ನೂ ಆಗಿಲ್ಲ. ನಿಮ್ಮ ಮಗ ನಿರ್ಧಾರ ತೆಗೆದುಕೊಳ್ಳಬೇಕಾಗಿರುವುದು ಈ ‘ಆಗಬಲ್ಲದು’ ಮತ್ತು ‘ಆಗಿಲ್ಲ’ಗಳ ನಡುವೆ ನಿಂತು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಂದು ಊರು ಎಷ್ಟು ಬೆಳೆದಿದೆ ಎಂದು ತಿಳಿಯಲು ಜನರು ಗಾಜಿನ ಕಟ್ಟಡಗಳನ್ನು ಎಣಿಸುತ್ತಾರೆ. ಸರ್ಕಾರ ಎಷ್ಟು ಎಕರೆ ಜಾಗ ಮಂಜೂರು ಮಾಡಿತು, ಎಷ್ಟು ಕೋಟಿಯ ಒಪ್ಪಂದಕ್ಕೆ ಸಹಿ ಬಿತ್ತು ಎಂದು ಲೆಕ್ಕ ಹಾಕುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಉದ್ಯಮದಲ್ಲಿ ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮೇಜಿನ ಹಿಂದೆ ಕುಳಿತ ನನಗೆ ಉಳಿದಿರುವುದು ಒಂದೇ ಅಳತೆ. ಆ ಊರಿನಲ್ಲಿ ಎರಡನೆಯ ಕೆಲಸ ಸಿಗುತ್ತದೆಯೇ? ಇವತ್ತು ಇರುವ ಕೆಲಸ ನಾಳೆ ಹೋದರೆ, ಅಥವಾ ಮೇಲಧಿಕಾರಿಯೊಂದಿಗೆ ಹೊಂದಿಕೆಯಾಗದಿದ್ದರೆ, ಮನೆ ಬದಲಿಸದೆ, ಮಕ್ಕಳ ಶಾಲೆ ಬದಲಿಸದೆ, ಅದೇ ಮಟ್ಟದ ಇನ್ನೊಂದು ಕೆಲಸಕ್ಕೆ ಮೂರು ತಿಂಗಳಲ್ಲಿ ಸೇರಲು ಸಾಧ್ಯವೇ? ಗಂಡನಿಗೆ ಒಂದು ಕಡೆ ಕೆಲಸ ಸಿಕ್ಕರೆ ಹೆಂಡತಿಗೂ ಅದೇ ಊರಿನಲ್ಲಿ ಅವಳ ಓದಿಗೆ ತಕ್ಕ ಕೆಲಸ ಸಿಗುತ್ತದೆಯೇ? ಇವೆರಡಕ್ಕೂ ಹೌದು ಎನ್ನುವ ಊರು ಕೇಂದ್ರ. ಇಲ್ಲ ಎನ್ನುವ ಊರಿನಲ್ಲಿ ಇರುವುದು ಕಚೇರಿಗಳು ಮಾತ್ರ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಮಂಗಳೂರು ಕಚೇರಿಗೆ ಬೆಂಗಳೂರಿನಿಂದ ಒಬ್ಬ ಹಿರಿಯ ಎಂಜಿನಿಯರ್‌ರನ್ನು ಕರೆತಂದೆ. ಬಂಟ್ವಾಳದ ಕಡೆಯ ಹೆಣ್ಣುಮಗಳು, ಕೆಲಸದಲ್ಲಿ ಬಹಳ ಗಟ್ಟಿಗರು. ತವರಿನ ಹತ್ತಿರ ಬಂದ ಸಂತೋಷದಲ್ಲಿ ಎರಡೇ ವರ್ಷದಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಂಡರು. ಮೂರನೆಯ ವರ್ಷ, ಸಮುದ್ರದಾಚೆ ಕುಳಿತವರು ಆ ತಂಡವನ್ನೇ ಮುಚ್ಚಲು ತೀರ್ಮಾನಿಸಿದರು. ಅವರ ಅನುಭವಕ್ಕೆ ತಕ್ಕ ಹುದ್ದೆ ಮಂಗಳೂರಿನಲ್ಲಿ ಆಗ ಇದ್ದದ್ದು ಎರಡೋ ಮೂರೋ ಕಡೆ, ಅಲ್ಲೆಲ್ಲ ಜಾಗ ಖಾಲಿ ಇರಲಿಲ್ಲ. ನವೆಂಬರ್ ತಿಂಗಳಲ್ಲಿ, ಶಾಲೆಯ ವರ್ಷದ ನಡುವೆ, ಎರಡು ಮಕ್ಕಳನ್ನು ಕರೆದುಕೊಂಡು ಅವರು ಮತ್ತೆ ಘಟ್ಟ ಹತ್ತಿದರು. ಕರೆದವನು ನಾನು, ಮುಚ್ಚುವ ಸುದ್ದಿ ಹೇಳಬೇಕಾದವನೂ ನಾನೇ. ಅಂದಿನಿಂದ ಯಾರಿಗಾದರೂ ‘ಊರಿಗೆ ಬನ್ನಿ’ ಎಂದು ಹೇಳುವ ಮೊದಲು ಎರಡನೆಯ ಕೆಲಸದ ಲೆಕ್ಕ ಹಾಕುತ್ತೇನೆ.

ಬೆಂಗಳೂರಿಗೆ ಈ ಶಕ್ತಿ ಎಲ್ಲಿಂದ ಬಂತು ಎಂಬುದನ್ನು ನೋಡಿ. ಅದು ಸಾಫ್ಟ್‌ವೇರ್ ಕಂಪನಿಗಳಿಂದ ಶುರುವಾದದ್ದಲ್ಲ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಉಪಕರಣಗಳ ಐಟಿಐ, 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್, ಆಮೇಲೆ ಇಸ್ರೋದ ಕೇಂದ್ರ ಕಚೇರಿ ಬಂದವು. ಒಂದರ ಪಕ್ಕದಲ್ಲಿ ಇನ್ನೊಂದು ತಾಂತ್ರಿಕ ಸಂಸ್ಥೆ ಎದ್ದು ನಿಂತಿತು. ಒಬ್ಬ ಎಂಜಿನಿಯರ್ ಬಿಇಎಲ್ ಬಿಟ್ಟು ಇಸ್ರೋ ಸೇರಬಹುದಿತ್ತು, ಅವರ ತಂಗಿ ಐಟಿಐಯಲ್ಲಿರಬಹುದಿತ್ತು. ಆರ್.ಕೆ. ಬಾಳಿಗರು ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಮೂಲಕ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡ 1970ರ ದಶಕದ ಹೊತ್ತಿಗೆ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಡಿಶ್ ಆ್ಯಂಟೆನಾ ಇಟ್ಟು ಕೆಲಸ ಶುರು ಮಾಡಿದ ಹೊತ್ತಿಗೆ, ಆ ಊರಿನಲ್ಲಿ ಎರಡನೆಯ ಕೆಲಸ ಎಂಬುದು ಆಗಲೇ ಇತ್ತು. ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ಪುಣೆಯಲ್ಲಿ, ಬೆಂಗಳೂರಿಗೆ ಬಂದದ್ದು 1983ರಲ್ಲಿ. ಬೀಜ ಹೊರಗಿನಿಂದ ಬಂದರೂ ಮಣ್ಣು ಮೊದಲೇ ಹದವಾಗಿತ್ತು. ಮುಕ್ಕಾಲು ಶತಮಾನದ ಈ ಉಳುಮೆಯನ್ನು ಬಿಟ್ಟು ಕೊನೆಯ ಮೂವತ್ತು ವರ್ಷಗಳ ಫಸಲನ್ನು ಮಾತ್ರ ನೋಡಿದವರು, ನಾಲ್ಕು ಕಟ್ಟಡ ಕಟ್ಟಿದರೆ ಎಲ್ಲಿ ಬೇಕಾದರೂ ಇದನ್ನು ಬೆಳೆಯಬಹುದು ಎಂದುಕೊಳ್ಳುತ್ತಾರೆ.

ಹಾಗಾದರೆ ಕರಾವಳಿಯ ಮಣ್ಣು ಹೇಗಿದೆ? ಈ ಪ್ರಶ್ನೆ ಬಂದಾಗ ನನ್ನ ಮನಸ್ಸು ಕಂಪ್ಯೂಟರಿನ ಕಡೆಗಲ್ಲ, ಬ್ಯಾಂಕುಗಳ ಕಡೆಗೆ ಹೋಗುತ್ತದೆ. ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ ಇಪ್ಪತ್ತೈದು ವರ್ಷಗಳ ಒಳಗೆ ಹುಟ್ಟಿದ ಸಂಸ್ಥೆಗಳನ್ನು ನೋಡಿ: 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ನಿಧಿ (ಮುಂದೆ ಕೆನರಾ ಬ್ಯಾಂಕ್), ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಯಾವ ಸರ್ಕಾರವೂ ಇಲ್ಲಿಗೆ ಬ್ಯಾಂಕಿಂಗ್ ಪಾರ್ಕ್ ತಂದಿರಲಿಲ್ಲ. ರಿಯಾಯಿತಿ ದರದಲ್ಲಿ ಜಾಗ ಕೊಟ್ಟಿರಲಿಲ್ಲ. ಇಲ್ಲಿನವರು ತಮ್ಮ ಕಣ್ಣೆದುರಿನ ತೊಂದರೆಯನ್ನು ಹಿಡಿದು ಅದಕ್ಕೆ ಸಂಸ್ಥೆ ಕಟ್ಟಿದರು. ಸಿಂಡಿಕೇಟ್ ಬ್ಯಾಂಕ್ ಶುರುವಾದದ್ದೇ ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಸಂಗ್ರಹಿಸುವ ಆ ಯೋಜನೆ, ದಿನದ ದುಡಿಮೆಯವರನ್ನೂ ಬ್ಯಾಂಕಿನ ಗ್ರಾಹಕರನ್ನಾಗಿ ಮಾಡಿತು. ಇವತ್ತು ಮೊಬೈಲಿನಲ್ಲಿ ಸಣ್ಣ ಉಳಿತಾಯದ ಆ್ಯಪ್ ಮಾಡುವವರು ಬಿಡಿಸಲು ಹೊರಟಿರುವ ಗಂಟು ಇದೇ. ಕೆಲಸ ಕಲಿತ ವ್ಯವಸ್ಥಾಪಕರು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಬಹುದಿತ್ತು. ಬ್ಯಾಂಕಿಂಗ್ ವಿಷಯದಲ್ಲಿ ಈ ಕರಾವಳಿ ಒಂದು ಕಾಲದಲ್ಲಿ ನಿಜವಾದ ಕೇಂದ್ರವೇ ಆಗಿತ್ತು, ನಾನು ಹೇಳುವ ಅರ್ಥದಲ್ಲಿಯೇ.

ನಿಮ್ಮ ಊರಿನದೇ ಉದಾಹರಣೆಯನ್ನೂ ಹೇಳಬೇಕು. ಅಡಿಕೆಯ ಬೆಲೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಸೇರಿಸಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಮುಂದೆ ಕೊಕ್ಕೋ ಬೆಳೆಗಾರರು ಕೈಸುಟ್ಟುಕೊಂಡಾಗ ಅದೇ ಸಹಕಾರಿ ಸಂಸ್ಥೆ ಬೀಜ ಕೊಂಡದ್ದು ಮಾತ್ರವಲ್ಲ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕಚ್ಚಾ ವಸ್ತು ಮಾರುವುದಕ್ಕೂ ಸಿದ್ಧ ವಸ್ತು ಮಾರುವುದಕ್ಕೂ ಇರುವ ವ್ಯತ್ಯಾಸ ಪುತ್ತೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಸಾಫ್ಟ್‌ವೇರಿನಲ್ಲಿಯೂ ಅದೇ ವ್ಯತ್ಯಾಸ ಇದೆ: ಗಂಟೆಯ ಲೆಕ್ಕದಲ್ಲಿ ಎಂಜಿನಿಯರ್‌ಗಳ ದುಡಿಮೆ ಮಾರುವ ಕಂಪನಿ ಒಂದು, ತನ್ನದೇ ಹೆಸರಿನ ವಸ್ತು ಮಾಡಿ ಮಾರುವ ಕಂಪನಿ ಇನ್ನೊಂದು. ಮೊದಲನೆಯದು ಬೇಗ ಬರುತ್ತದೆ, ಬೇಗ ಹೋಗಲೂಬಹುದು. ಎರಡನೆಯದು ಬೇರು ಬಿಡುತ್ತದೆ.

ಬ್ಯಾಂಕುಗಳ ಕತೆಯ ಕೊನೆಯ ಭಾಗ ನನಗೆ ನೋವು ತರುವಂಥದ್ದು. 1969 ಮತ್ತು 1980ರಲ್ಲಿ ರಾಷ್ಟ್ರೀಕರಣವಾಯಿತು. ಅದರಿಂದ ದೇಶಕ್ಕೆ ಒಳಿತೇ ಆಯಿತು ಎಂಬುದು ನನ್ನ ಅಭಿಪ್ರಾಯ. ಆಮೇಲೆ 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದವು. ಶಾಖೆಗಳು ಉಳಿದವು, ಬೋರ್ಡು ಬದಲಾಯಿತು. ಆದರೆ ಮಂಗಳೂರಿನ ಪಾಂಡೇಶ್ವರದಲ್ಲಿ, ಮಣಿಪಾಲದಲ್ಲಿ ಇದ್ದ ಕೇಂದ್ರ ಕಚೇರಿಗಳ ಕೈಯಿಂದ ತೀರ್ಮಾನ ಮಾಡುವ ಅಧಿಕಾರ ಹೊರಟುಹೋಯಿತು. ಯಾವ ತಂತ್ರಾಂಶ ಕೊಳ್ಳಬೇಕು, ಯಾರಿಗೆ ಗುತ್ತಿಗೆ ಕೊಡಬೇಕು, ಹೊಸ ಯೋಜನೆಯನ್ನು ಮೊದಲು ಎಲ್ಲಿ ಪರೀಕ್ಷಿಸಬೇಕು ಎಂದು ನಿರ್ಧರಿಸುವ ಮೇಜುಗಳು ಒಂದೊಂದಾಗಿ ಊರು ಬಿಟ್ಟವು. ಸ್ಥಳೀಯ ಸಾಫ್ಟ್‌ವೇರ್ ಕಂಪನಿಗೆ ಆ ಮೇಜೇ ಮೊದಲ ಗಿರಾಕಿ. ಮುಖ್ಯ ಕಚೇರಿ ಮಂಗಳೂರಿನಲ್ಲಿಯೇ ಉಳಿದಿರುವ ದೊಡ್ಡ ಬ್ಯಾಂಕ್ ಈಗ ಕರ್ಣಾಟಕ ಬ್ಯಾಂಕ್ ಒಂದೇ. ‘ಸಿಲಿಕಾನ್ ಬೀಚ್’ ಎಂದು ಸಂಭ್ರಮಿಸಿದ ಅದೇ ವರ್ಷಗಳಲ್ಲಿ ಈ ನಷ್ಟದ ಬಗ್ಗೆ ನಾವು ಸಾಕಷ್ಟು ದನಿ ಎತ್ತಲಿಲ್ಲ ಎಂಬ ಕೊರಗು ನನಗಿದೆ.

ಇನ್ನು ಓದು. ಇದರಲ್ಲಿ ಕರಾವಳಿಗೆ ಸರಿಸಾಟಿಯಾದ ಪ್ರದೇಶಗಳು ದೇಶದಲ್ಲಿ ಕಡಿಮೆ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು 1957ರದು. ಸುರತ್ಕಲ್ಲಿನ ಎನ್‌ಐಟಿಕೆ 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಶುರುವಾದದ್ದು. ಇವುಗಳ ನಡುವೆ, ಸುತ್ತಮುತ್ತ, ನಿಟ್ಟೆಯಿಂದ ವಾಮಂಜೂರಿನವರೆಗೆ ಹತ್ತಾರು ಕಾಲೇಜುಗಳಿವೆ. ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲ ಓದಿದ್ದು ಮಣಿಪಾಲದಲ್ಲಿ. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಪದವಿ ಕೈಗೆ ಬಂದ ವಾರವೇ ಈ ಹುಡುಗರು ಹುಡುಗಿಯರು ಬೆಂಗಳೂರಿನ ಬಸ್ ಹತ್ತುತ್ತಾರೆ. ಹೆಚ್ಚಿನವರು ಹೊರಗಿನಿಂದ ಓದಲು ಬಂದವರು, ಹೋಗುವುದು ಸಹಜ ಎನ್ನಬಹುದು. ಆದರೆ ಬೆಂಗಳೂರಿಗೂ ಜನರು ಹೊರಗಿನಿಂದಲೇ ಬಂದರು, ಅಲ್ಲಿಯೇ ನೆಲೆ ನಿಂತರು. ನಿಲ್ಲಿಸುವುದು ಊರಿನ ಅಂದವಲ್ಲ, ಮುಂದಿನ ಕೆಲಸದ ಭರವಸೆ. ಇನ್ಫೋಸಿಸ್ ಮಂಗಳೂರಿಗೆ 1995ರಲ್ಲಿಯೇ ಬಂತು. ಬೆಂಗಳೂರಿನ ಹೊರಗೆ ಆ ಕಂಪನಿ ತೀರ ಮೊದಲು ತೆರೆದ ಕೇಂದ್ರಗಳಲ್ಲಿ ಇದೂ ಒಂದು. ಕೊಟ್ಟಾರದಿಂದ ಮುಡಿಪುವಿನವರೆಗೆ ಅದು ಬೆಳೆಯಿತು. ಮೂವತ್ತು ವರ್ಷಗಳಲ್ಲಿ ಅದರ ಪಕ್ಕ ಅಷ್ಟೇ ದೊಡ್ಡದಾದ ಇನ್ನೂ ನಾಲ್ಕು ಕಂಪನಿಗಳು ಎದ್ದಿದ್ದರೆ ನಿಮ್ಮ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಉಡುಪಿಯ ಕತೆ ನನಗೆ ಹೆಚ್ಚು ಭರವಸೆ ಕೊಡುತ್ತದೆ. ರೋಹಿತ್ ಭಟ್ಟರು 1996ರಲ್ಲಿ ಅಲ್ಲಿ ರೋಬೊಸಾಫ್ಟ್ ಶುರು ಮಾಡಿದರು. ಹೊರಗಿನ ದೊಡ್ಡ ಕಂಪನಿಯ ಶಾಖೆಯಲ್ಲ, ಅಲ್ಲಿಯೇ ಹುಟ್ಟಿದ ಕಂಪನಿ. ಅದರ ಒಡಲಿನಿಂದ 99ಗೇಮ್ಸ್ ಬಂತು, ಉಡುಪಿಯಲ್ಲಿ ಕುಳಿತು ಜಗತ್ತಿಗೆ ಮೊಬೈಲ್ ಆಟಗಳನ್ನು ಮಾಡಿಕೊಟ್ಟಿತು. 2021ರಲ್ಲಿ ರೋಬೊಸಾಫ್ಟನ್ನು ಜಪಾನಿನ ಟೆಕ್ನೋಪ್ರೊ ಸುಮಾರು 805 ಕೋಟಿ ರೂಪಾಯಿಗೆ ಕೊಳ್ಳಲು ಮುಂದೆ ಬಂದಾಗ, ಉಡುಪಿಯಂಥ ಊರಿನಲ್ಲಿ ಕಟ್ಟಿದ ಕಂಪನಿಗೂ ಅಷ್ಟು ಬೆಲೆ ಬರುತ್ತದೆ ಎಂಬುದು ಎಲ್ಲರಿಗೂ ಕಂಡಿತು. ಇಂಥ ಕಂಪನಿಯಲ್ಲಿ ಹತ್ತು ವರ್ಷ ಪಳಗಿದವರು ಹೊರಬಂದು ತಾವೇ ಸಣ್ಣ ಕಂಪನಿ ತೆರೆಯುತ್ತಾರೆ. ಎರಡನೆಯ ಕೆಲಸ ಹುಟ್ಟುವುದು ಹೀಗೆ, ಒಂದು ಬಾಳೆಯ ಬುಡದಿಂದ ಹತ್ತು ಕಂದು ಏಳುವಂತೆ.

ಹೋಲಿಕೆ ಬೇಕಿದ್ದರೆ ಬೆಂಗಳೂರಿನ ಕಡೆ ನೋಡಬೇಡಿ, ಹೈದರಾಬಾದಿನ ಕಡೆಗೂ ಬೇಡ. ಹೈದರಾಬಾದಿನಲ್ಲಿ 1998ರಲ್ಲಿ ಸೈಬರ್ ಟವರ್ಸ್ ಎದ್ದಾಗ ಅದು ಆಗಲೇ ಒಂದು ರಾಜಧಾನಿ, ಸಾರ್ವಜನಿಕ ಉದ್ದಿಮೆಗಳ ದೊಡ್ಡ ನಗರ. 2011ರ ಜನಗಣತಿಯಲ್ಲಿ ಮಂಗಳೂರು ನಗರ ಪ್ರದೇಶದ ಜನಸಂಖ್ಯೆ ಸುಮಾರು ಆರು ಲಕ್ಷ, ಬೆಂಗಳೂರಿನದು ಸುಮಾರು 85 ಲಕ್ಷ. ಆ ಗಾತ್ರದವರೊಂದಿಗೆ ಓಟಕ್ಕೆ ನಿಲ್ಲುವುದು ನ್ಯಾಯವಲ್ಲ. ನೋಡಬೇಕಾದದ್ದು ತಿರುವನಂತಪುರವನ್ನು. ಅದೂ ಕರಾವಳಿ, ಅಲ್ಲಿಯೂ ಓದಿದವರು ಗಲ್ಫಿಗೆ, ಬೆಂಗಳೂರಿಗೆ ಹೋಗುತ್ತಿದ್ದರು. 1990ರಲ್ಲಿ ಅಲ್ಲಿ ಟೆಕ್ನೋಪಾರ್ಕ್ ಶುರುವಾಯಿತು, ದೇಶದಲ್ಲಿಯೇ ಅಂಥ ಮೊದಲನೆಯದು. ಮೊದಲ ವರ್ಷಗಳಲ್ಲಿ ನಿಧಾನ. 1997ರಲ್ಲಿ ವಿಮಾನಯಾನದ ತಂತ್ರಾಂಶ ಮಾಡುವ ಐಬಿಎಸ್ ಅಲ್ಲಿಯೇ ಹುಟ್ಟಿತು, ಇವತ್ತಿಗೂ ಅದೇ ಕಸುಬಿನಲ್ಲಿದೆ. ಈಗ ಆ ಪಾರ್ಕಿನಲ್ಲಿ ನೂರಾರು ಕಂಪನಿಗಳಿವೆ, ಒಂದು ಕಟ್ಟಡದಿಂದ ಇಳಿದು ಪಕ್ಕದ ಕಟ್ಟಡದಲ್ಲಿ ಕೆಲಸ ಕೇಳಬಹುದು. ಅಲ್ಲಿ ನಾನು ಗಮನಿಸಿದ್ದು ಎರಡು ವಿಷಯ. ಒಂದು, ಸರ್ಕಾರಗಳು ಎಷ್ಟೋ ಸಲ ಬದಲಾದವು, ಎಡರಂಗ ಹೋಗಿ ಐಕ್ಯರಂಗ ಬಂತು, ಮತ್ತೆ ಎಡರಂಗ ಬಂತು. ಟೆಕ್ನೋಪಾರ್ಕನ್ನು ಯಾರೂ ಕೈಬಿಡಲಿಲ್ಲ. ಇನ್ನೊಂದು, ಎಲ್ಲವನ್ನೂ ಒಂದೇ ಕಡೆ ಒತ್ತಾಗಿ ಕಟ್ಟಿದರು. ನಮ್ಮಲ್ಲಿ ಮುಡಿಪುವಿನಲ್ಲಿ ಒಂದು, ನಗರದ ನಡುವೆ ನಾಲ್ಕಾರು, ಮಣಿಪಾಲದಲ್ಲಿ ಕೆಲವು, ಉಡುಪಿಯಲ್ಲಿ ಕೆಲವು ಎಂದು ಚೆದುರಿಹೋಗಿವೆ.

ಈ ಚೆದುರುವಿಕೆಗೆ ಮದ್ದು ಇದೆ ಎಂಬುದು ನನ್ನ ಬಲವಾದ ನಂಬಿಕೆ, ಅದಕ್ಕಾಗಿ ಅವಕಾಶ ಸಿಕ್ಕಲ್ಲೆಲ್ಲ ವಾದಿಸುತ್ತೇನೆ. ಮಂಗಳೂರಿನಿಂದ ಉಡುಪಿಗೆ ಅರುವತ್ತು ಕಿಲೋಮೀಟರ್ ಒಳಗೆ. ಬೆಂಗಳೂರಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಜನರು ಪ್ರತಿದಿನ ಕಳೆಯುವ ಹೊತ್ತಿನಲ್ಲಿ ಇಲ್ಲಿ ಜಿಲ್ಲೆ ದಾಟಬಹುದು. ನಡುವೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು. ಈ ಪಟ್ಟಿ ಇಡೀ ಒಂದೇ ಊರಿನಂತೆ ನಡೆದರೆ, ಅಂದರೆ ಮೂಲ್ಕಿಯಲ್ಲಿ ಮನೆ ಮಾಡಿದ ಒಬ್ಬರು ಮಂಗಳೂರಿನಲ್ಲಿ ಒಂದು ಕೆಲಸ ಬಿಟ್ಟು ಮಣಿಪಾಲದಲ್ಲಿ ಇನ್ನೊಂದಕ್ಕೆ ಸೇರಿ ಅದೇ ಮನೆಯಿಂದ ಓಡಾಡಲು ಸಾಧ್ಯವಾದರೆ, ಎರಡನೆಯ ಕೆಲಸದ ಸಂಖ್ಯೆ ಒಂದು ಇಟ್ಟಿಗೆಯನ್ನೂ ಇಡದೆ ಹೆಚ್ಚುತ್ತದೆ. ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಈ ದಾರಿಯಲ್ಲಿ ಬಿಡುವಿಲ್ಲದೆ ಓಡುತ್ತವೆ ನಿಜ. ಆದರೆ ಪ್ರತಿದಿನ ಹೆದ್ದಾರಿಯ ಬಸ್ಸಿನಲ್ಲಿ ಮೂರು ಗಂಟೆ ಕಳೆದು ಕಂಪ್ಯೂಟರ್ ಮುಂದೆ ಎಂಟು ಗಂಟೆ ಕೂರುವುದು ಹಲವು ವರ್ಷ ನಡೆಯುವ ಮಾತಲ್ಲ. ಬೇಕಾಗಿರುವುದು ಬೆಳಿಗ್ಗೆ ಸಂಜೆ ಓಡುವ ಸ್ಥಳೀಯ ರೈಲು. ಹಳಿ ಇದೆ; ಕೊಂಕಣ ರೈಲ್ವೆ 1998ರಿಂದ ಪೂರ್ತಿಯಾಗಿ ಓಡುತ್ತಿದೆ. ಆದರೆ ಅದು ಇಲ್ಲಿ ಒಂಟಿ ಹಳಿ, ದೂರದ ರೈಲುಗಳಿಗೇ ಅದರಲ್ಲಿ ಜಾಗ ಸಾಲದು. ಅದಕ್ಕಿಂತ ದೊಡ್ಡ ತೊಡಕು, ಮಂಗಳೂರು ರೈಲಿನ ಮಟ್ಟಿಗೆ ಮೂರು ಮನೆಗಳ ಕೂಸು: ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ, ನಿಮ್ಮ ಕಬಕ-ಪುತ್ತೂರಿನ ಕಡೆಯ ಹಳಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದಲ್ಲಿ, ಉಡುಪಿಯ ಕಡೆಯದು ಕೊಂಕಣ ರೈಲ್ವೆಯಲ್ಲಿ. ಒಂದು ಸಣ್ಣ ರೈಲು ಹೆಚ್ಚುವರಿಯಾಗಿ ಓಡಬೇಕೆಂದರೂ ಎರಡು ಮೂರು ಕಡೆ ಒಪ್ಪಿಗೆ ಬೇಕು. ಹೊಸ ಐಟಿ ಪಾರ್ಕಿಗೆ ಬೇಡಿಕೆ ಇಡುವ ನಮ್ಮ ಜನಪ್ರತಿನಿಧಿಗಳು ಇದನ್ನು ಹಿಡಿದು ಕುಳಿತರೆ ಹತ್ತು ಪಾರ್ಕಿಗಿಂತ ಹೆಚ್ಚು ಫಲ ಸಿಗುತ್ತದೆ.

ಘಟ್ಟದ ಮಾತು ಬೇರೆ. ಬೆಂಗಳೂರು ಸುಮಾರು 350 ಕಿಲೋಮೀಟರ್ ದೂರದಲ್ಲಿದೆ, ದೂರ ಹೆಚ್ಚೇನಲ್ಲ, ನಡುವಿರುವ ಗೋಡೆಯೇ ಸಮಸ್ಯೆ. 1979ರಲ್ಲಿ ಬಂದ ರೈಲು ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತಿತು, ಬೆಂಗಳೂರಿಗೆ ಪ್ರಯಾಣಿಕರ ರೈಲು ಮತ್ತೆ ಶುರುವಾದದ್ದು 2007ರ ಡಿಸೆಂಬರ್‌ನಲ್ಲಿ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಅತ್ಯಂತ ವೇಗವಾಗಿ ಬೆಳೆದು ಸುತ್ತಲಿನ ಊರುಗಳಿಗೆ ತುಳುಕಬಹುದಾಗಿದ್ದ ಹನ್ನೊಂದು ವರ್ಷ ಕರಾವಳಿಗೆ ಅಲ್ಲಿಂದ ಘಟ್ಟ ಇಳಿದು ಬರುವ ರೈಲು ಇರಲಿಲ್ಲ ಎಂಬುದನ್ನು ಯೋಚಿಸಿ. ಮೈಸೂರಿಗೆ ಈ ತೊಂದರೆ ಇರಲಿಲ್ಲ. ರಸ್ತೆಯದೂ ಇದೇ ಕತೆ. 2018ರಲ್ಲಿ ಶಿರಾಡಿ ಘಾಟಿಯನ್ನು ಕಾಂಕ್ರೀಟು ಹಾಕಲು ತಿಂಗಳುಗಟ್ಟಲೆ ಮುಚ್ಚಿದರು, ತೆರೆದ ಕೆಲವೇ ವಾರಗಳಲ್ಲಿ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2024ರ ಜುಲೈಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮಣ್ಣು ಕುಸಿದು ರೈಲುಗಳು ನಿಂತವು, ಅದೇ ತಿಂಗಳು ಸಕಲೇಶಪುರದ ಬಳಿ ಹೆದ್ದಾರಿಯ ಮೇಲೂ ಗುಡ್ಡ ಜಾರಿತು. ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲಿಸಿದರೆ ಅದು ಕುಸಿಯದೆ ಇನ್ನೇನು ಮಾಡುತ್ತದೆ? ಸಂಪರ್ಕ ಬೇಕು ಎಂದು ಗಟ್ಟಿಯಾಗಿ ಹೇಳುವ ನಾನು, ಪಶ್ಚಿಮ ಘಟ್ಟವನ್ನು ಕಡಿದು ತರುವ ಸಂಪರ್ಕ ಬೇಡ ಎಂದೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ನೇತ್ರಾವತಿಗೆ ನೀರು ಬರುವುದು ಅದೇ ಕಾಡಿನಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಮಂಗಳೂರಿನಲ್ಲಿ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟು ಬತ್ತುತ್ತಾ ಬಂದು ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು.

ಡೇಟಾ ಸೆಂಟರುಗಳು, ಸಮುದ್ರದಡಿಯ ಕೇಬಲ್ ಬಂದರೆ ಎಲ್ಲವೂ ಬದಲಾಗುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಬರಲಿ. ಆದರೆ ಡೇಟಾ ಸೆಂಟರಿಗೆ ಬೇಕಾಗುವುದು ವಿದ್ಯುತ್ತು ಮತ್ತು ತಂಪು, ಜನರಲ್ಲ. ಅದರಿಂದ ನಿಮ್ಮ ಮಗನಿಗೋ ಸೊಸೆಗೋ ಎರಡನೆಯ ಕೆಲಸ ಹುಟ್ಟುವುದಿಲ್ಲ.

ಈಗ ಹೇಳಲು ಕಷ್ಟವಾದ ಒಂದು ಮಾತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಹಲ್ಲೆಯನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅದಾಗಿ ಎಷ್ಟೋ ವರ್ಷಗಳ ನಂತರವೂ ನಾನು ಮಂಗಳೂರಿನ ಹುದ್ದೆಗೆ ಸಂದರ್ಶನ ಮಾಡುವಾಗ ಬೇರೆ ರಾಜ್ಯದ ಯುವತಿಯರು ಸಂಬಳ ಕೇಳುವ ಮೊದಲು ಇದನ್ನು ಕೇಳಿದ್ದಾರೆ: ರಾತ್ರಿ ಒಂಬತ್ತಕ್ಕೆ ಸಹೋದ್ಯೋಗಿಯೊಂದಿಗೆ ಊಟಕ್ಕೆ ಹೋದರೆ ಯಾರಾದರೂ ಅಡ್ಡ ಹಾಕಿ ಹೆಸರು ಕೇಳುತ್ತಾರೆಯೇ? 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ಗೋಲಿಬಾರ್ ಆದಾಗ ಜಿಲ್ಲೆಯಲ್ಲಿ ಎರಡು ದಿನ ಮೊಬೈಲ್ ಇಂಟರ್ನೆಟ್ ನಿಂತಿತು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುವ, ಹಾಜಿ ಅಬ್ದುಲ್ಲಾ ಸಾಹೇಬರೂ ಸುಬ್ಬರಾವ್ ಪೈಗಳೂ ಒಂದೇ ವರ್ಷದಲ್ಲಿ ಬ್ಯಾಂಕ್ ಕಟ್ಟಿದ ನೆಲ ಇದು. ಪರಊರಿನ ಒಬ್ಬ ಹುಡುಗಿ ಇಲ್ಲಿ ಭಯವಿಲ್ಲದೆ ಬದುಕಬಹುದು ಎಂಬುದು ಸರ್ಕಾರದ ಯಾವ ಪ್ರೋತ್ಸಾಹ ಧನಕ್ಕಿಂತಲೂ ದೊಡ್ಡ ಪ್ರೋತ್ಸಾಹ. ಅದನ್ನು ಕೊಡಬೇಕಾದವರು ನಾವು, ಇಲ್ಲಿ ಹುಟ್ಟಿದವರು.

ಮುಂದಿನ ಹತ್ತು ವರ್ಷ ಹೇಗಿರಬಹುದು? ಐದು ಸಾವಿರ ಜನರನ್ನು ಒಟ್ಟಿಗೆ ಸೇರಿಸಿಕೊಳ್ಳುವ ದೊಡ್ಡ ಕ್ಯಾಂಪಸ್‌ಗಳ ಕಾಲ ಮುಗಿಯುತ್ತಿದೆ ಎಂದು ನನಗನಿಸುತ್ತದೆ. ಹೊಸಬರಿಗೆ ಕೊಡುತ್ತಿದ್ದ ಸುಲಭದ ಕೋಡಿಂಗ್ ಮತ್ತು ಪರೀಕ್ಷೆಯ ಕೆಲಸವನ್ನು ಕೃತಕ ಬುದ್ಧಿಮತ್ತೆ ನುಂಗುತ್ತಿದೆ. ತಂಡಗಳು ಚಿಕ್ಕದಾಗುತ್ತಿವೆ, ಒಂದು ವಿಷಯವನ್ನು ಆಳವಾಗಿ ಬಲ್ಲವರಿಗೆ ಬೆಲೆ ಬರುತ್ತಿದೆ. ಇದು ಬೆಂಗಳೂರಿಗೆ ತಲೆನೋವು, ಮಂಗಳೂರಿಗೆ ಅವಕಾಶವಾಗಬಹುದು. ಏಕೆಂದರೆ ಇಲ್ಲಿ ಆಳವಾಗಿ ಬಲ್ಲ ವಿಷಯಗಳಿವೆ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಅರ್ಧ ಡಜನ್‌ಗಿಂತ ಹೆಚ್ಚು ವೈದ್ಯಕೀಯ ಕಾಲೇಜುಗಳು, ಅವುಗಳ ಆಸ್ಪತ್ರೆಗಳಿಗೆ ಘಟ್ಟದ ಮೇಲಿನಿಂದಲೂ ಕಾಸರಗೋಡಿನಿಂದಲೂ ಬರುವ ರೋಗಿಗಳು. ವೈದ್ಯರು ಮತ್ತು ಎಂಜಿನಿಯರ್‌ಗಳು ಹತ್ತು ನಿಮಿಷದ ದೂರದಲ್ಲಿರುವ ಇಂಥ ಜಾಗ ದೇಶದಲ್ಲಿ ಹೆಚ್ಚಿಲ್ಲ. ನಿವೃತ್ತರಾದ ಸಾವಿರಾರು ಬ್ಯಾಂಕ್ ಅಧಿಕಾರಿಗಳು ಇದೇ ಜಿಲ್ಲೆಗಳಲ್ಲಿದ್ದಾರೆ, ಸಾಲ ಏಕೆ ಮುಳುಗುತ್ತದೆ ಎಂಬುದು ಅವರಿಗೆ ಅಂಗೈ ನೆಲ್ಲಿಯಂತೆ ಗೊತ್ತು. ಮೀನುಗಾರಿಕಾ ಕಾಲೇಜು 1969ರಿಂದ ಇಲ್ಲಿದೆ, ಮಲ್ಪೆಯ ದೋಣಿಗಳಿವೆ, ನವಮಂಗಳೂರು ಬಂದರಿದೆ. ರಾಜ್ಯ ಸರ್ಕಾರದ ಡಿಜಿಟಲ್ ಎಕಾನಮಿ ಮಿಷನ್ ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ಮಂಗಳೂರನ್ನು ಒಂದು ಸಮೂಹವಾಗಿ ಗುರುತಿಸಿರುವುದು ಒಳ್ಳೆಯದೇ. ಬರೀ ಬಾಡಿಗೆ ಕಡಿಮೆ, ಸಂಬಳ ಕಡಿಮೆ ಎಂದು ಹೇಳಿ ಕಂಪನಿಗಳನ್ನು ಕರೆದರೆ, ಇನ್ನೂ ಕಡಿಮೆಗೆ ಸಿಗುವ ಊರಿಗೆ ಅವು ನಾಳೆ ಹೋಗುತ್ತವೆ. ಆಸ್ಪತ್ರೆ, ಬ್ಯಾಂಕು, ಬಂದರಿನ ಕೆಲಸ ಬಲ್ಲವರು ಇಲ್ಲಿದ್ದಾರೆ ಎಂದು ಕರೆದರೆ ಬಂದವರು ಉಳಿಯುತ್ತಾರೆ.

ಇನ್ನು ನಿಮ್ಮ ಮಗನ ವಿಷಯ. ಕರೆದಿರುವ ಕಂಪನಿಯ ಹೆಸರಿಗಿಂತ ಅದರ ತೀರ್ಮಾನ ಎಲ್ಲಿ ನಡೆಯುತ್ತದೆ ಎಂಬುದನ್ನು ಅವರು ಮೊದಲು ವಿಚಾರಿಸಲಿ. ಮಂಗಳೂರಿನಲ್ಲಿ ಅವರ ಮೇಲೆ ಇನ್ನೂ ಎರಡು ಹಂತದ ಹುದ್ದೆಗಳಿವೆಯೇ, ಅಥವಾ ಅವರೇ ಇಲ್ಲಿಯ ಕೊನೆಯ ಹಂತವೇ? ಮೇಲಿನವರೆಲ್ಲ ಬೇರೆ ಊರಿನಲ್ಲಿದ್ದರೆ ನಾನು ಹೇಳಿದ ಬಂಟ್ವಾಳದ ಸಹೋದ್ಯೋಗಿಯ ಸ್ಥಿತಿ ನೆನಪಿರಲಿ. ತಾವು ಸೇರಬಹುದಾದ ಇನ್ನೂ ಮೂರು ಕಂಪನಿಗಳನ್ನು ಮಂಗಳೂರು-ಮಣಿಪಾಲ ಪಟ್ಟಿಯಲ್ಲಿ ಅವರು ಈಗಲೇ ಗುರುತಿಸಿಕೊಳ್ಳಲಿ, ಅಲ್ಲಿ ಕೆಲಸ ಮಾಡುವವರೊಂದಿಗೆ ಮಾತನಾಡಲಿ. ಸಿಗದಿದ್ದರೆ ಅದೂ ಒಂದು ಉತ್ತರ. ಸೊಸೆಯ ಕೆಲಸವನ್ನು ‘ಆಮೇಲೆ ನೋಡೋಣ’ ಎಂದು ಬಿಡಬೇಡಿ. ಎಷ್ಟೋ ಮನೆಗಳಲ್ಲಿ ಊರಿಗೆ ಮರಳುವ ಸಂಭ್ರಮದ ಬೆಲೆಯನ್ನು ತೆತ್ತದ್ದು ಸೊಸೆಯ ಹತ್ತು ವರ್ಷದ ದುಡಿಮೆ. ಅವರ ಈಗಿನ ಕಂಪನಿ ಮನೆಯಿಂದ ಕೆಲಸ ಮಾಡಲು ಬಿಡುತ್ತದೆಯೇ, ಬಿಟ್ಟರೆ ಅದನ್ನು ಬರಹದಲ್ಲಿ ಕೊಡುತ್ತದೆಯೇ ಎಂಬುದು ತಿಳಿಯುವವರೆಗೆ ಬೆಂಗಳೂರಿನ ಮನೆ ಖಾಲಿ ಮಾಡುವುದು ಬೇಡ.

ಮನೆಯನ್ನು ಖಂಡಿತ ಕಟ್ಟಲಿ, ಆದರೆ ಮೊದಲ ಎರಡು ವರ್ಷ ಬಾಡಿಗೆಯಲ್ಲಿದ್ದು. ನೀವು ಪುತ್ತೂರಿನಲ್ಲಿದ್ದೀರಿ, ಜಾಗ ಓಡಿಹೋಗುವುದಿಲ್ಲ. ಮತ್ತೆ, ಊರು ನೋಡಿ ತೀರ್ಮಾನಿಸಲು ಅವರನ್ನು ಡಿಸೆಂಬರಿನ ರಜೆಯಲ್ಲಿ ಕರೆಯಬೇಡಿ. ಆಗ ಕರಾವಳಿ ಎಲ್ಲರಿಗೂ ಚೆಂದ ಕಾಣುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ ಕರೆಯಿರಿ. ಗಂಡ ಹೆಂಡತಿ ಇಬ್ಬರೂ ಲ್ಯಾಪ್‌ಟಾಪ್ ಹಿಡಿದು ಎರಡು ವಾರ ಇರಲಿ, ಸುರಿಯುವ ಮಳೆಯಲ್ಲಿ ಕೆಲಸಕ್ಕೆ ಓಡಾಡಲಿ, ಕರೆಂಟು ಹೋದಾಗ ಸಭೆ ಹೇಗೆ ನಡೆಯುತ್ತದೆ ನೋಡಲಿ, ವಾಪಸು ಹೋಗುವಾಗ ಶಿರಾಡಿಯಲ್ಲಿ ಒಮ್ಮೆ ಸಿಕ್ಕಿಕೊಳ್ಳಲಿ. ಅದಾದ ಮೇಲೂ ಇಬ್ಬರೂ ಬರುತ್ತೇವೆ ಎಂದರೆ ಪಂಚಾಂಗ ತೆಗೆದು ಕೆಸರುಕಲ್ಲಿಗೆ, ಅಂದರೆ ಮನೆಯ ಅಡಿಗಲ್ಲು ಹಾಕಲು, ದಿನ ನೋಡಿ.